ಗೋದಲಿಯ ಕರಿ ಕುರಿ

ಮಗಳಿಗೆ ಎರಡು ವರ್ಷ ತುಂಬಿದ್ದ ಡಿಸೆಂಬರ್. ನಮ್ಮನೆ ಗೋದಲಿಯಿಂದ, ಅಂದರೆ ಕ್ರಿಸ್‌ಮಸ್‌ಗೆ ಗೊಂಬೆಗಳನ್ನಿಟ್ಟು ಕಟ್ಟುವ ಯೇಸು ಹುಟ್ಟಿದ ಕೊಟ್ಟಿಗೆಯಿಂದ, ಬಾಲ ಯೇಸು ಕಾಣೆಯಾದರು. ಕತ್ತೆ ಇತ್ತು, ಎತ್ತು ಇತ್ತು, ಕುರುಬರು ಇದ್ದರು. ಯೇಸುವಿನ ತಾಯಿ ಮರಿಯಮ್ಮ ಮಾತ್ರ ಮಂಡಿಯೂರಿ ಖಾಲಿ ಹುಲ್ಲನ್ನು ನೋಡುತ್ತಾ ಕೂತಿದ್ದರು. ಸೋಫಾ ಕೆಳಗೆ ಹುಡುಕಿದೆವು. ರಾಗಿ ಮೊಳಕೆ ಹಾಕಿದ್ದ ತಟ್ಟೆಯಲ್ಲಿ ಹುಡುಕಿದೆವು. ಆಮೇಲೆ ಮಗಳ ಬಲಗೆನ್ನೆ ಉಬ್ಬಿರುವುದು ನನ್ನ ಕಣ್ಣಿಗೆ ಬಿತ್ತು.

ಬಾಯೊಳಗೆ ಬೆರಳು ಹಾಕಿ ತೆಗೆದೆ. ಹೆಬ್ಬೆರಳಿನಷ್ಟು ಉದ್ದದ ಪ್ಲಾಸ್ಟರ್ ಗೊಂಬೆ. ಒಂದು ಕಾಲಿನ ಬಣ್ಣ ಹೋಗಿ ಒಳಗಿನ ಬಿಳುಪು ಕಾಣುತ್ತಿತ್ತು. ನನ್ನ ಕೈ ನಡುಗುವುದು ನಿಲ್ಲಲು ತುಂಬಾ ಹೊತ್ತು ಬೇಕಾಯಿತು. ಮಗಳು ಮಾತ್ರ ಅಳಲಿಲ್ಲ. "ಪಾಪು ಬೇಕು" ಅಂತ ಕೈ ಚಾಚಿದಳು.

ಅವಳು ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಹದಿನೈದು ದಿನದಿಂದ ಬೆಳಿಗ್ಗೆ ಸಂಜೆ ಎತ್ತಿಕೊಂಡು ಹೋಗಿ "ನೋಡು, ಯೇಸು ಪಾಪು ಬರ್ತಾರೆ" ಅಂತ ಆಸೆ ಹುಟ್ಟಿಸಿದ್ದು ನಾನೇ. ಪಾಪು ಬಂದ ಮೇಲೆ ಮುಟ್ಟಬೇಡ ಅಂದರೆ ಎರಡು ವರ್ಷದ ಮಗು ಏನು ಮಾಡಬೇಕು? ಆ ವಯಸ್ಸಿನಲ್ಲಿ ಪ್ರೀತಿ ಅಂದರೆ ಕೈಗೆ ತೆಗೆದುಕೊಳ್ಳುವುದು, ಬಾಯಿಗೆ ಇಟ್ಟುಕೊಳ್ಳುವುದು. ಬೇರೆ ದಾರಿ ಆ ಮಕ್ಕಳಿಗೆ ಗೊತ್ತಿಲ್ಲ.

ಅವತ್ತಿನಿಂದ ನಾನು ಈ ವಿಷಯ ಯೋಚಿಸುತ್ತಾ ಇದ್ದೇನೆ. ಈಗ ಮಗಳಿಗೆ ಎಂಟು, ಮಗನಿಗೆ ನಾಲ್ಕು. ನಂಬಿಕೆಯನ್ನು ಮಕ್ಕಳ ಕೈಗೆ ಕೊಡಬೇಕಾದರೆ ಎಂಥ ಆಟಿಕೆ ಕೊಡಬೇಕು? ಕೊಟ್ಟ ಮೇಲೆ ಅದರ ಮೇಲೆ ನಮ್ಮ ಹಕ್ಕು ಎಷ್ಟು?

ನಮ್ಮನೆ ಸ್ವಲ್ಪ ಬೇರೆ ಥರ. ನಾನು ಮೈಸೂರು ಕಡೆಯ ಕಥೋಲಿಕರ ಮನೆಯವಳು. ತೇರು, ಜಪಸರ, ಸಂತರ ಸ್ವರೂಪ (ಅಂದರೆ ಪ್ರತಿಮೆ), ಮೇಣದ ಬತ್ತಿ ಇವುಗಳ ಮಧ್ಯೆ ಬೆಳೆದವಳು. ನನ್ನ ಗಂಡ ಧಾರವಾಡ ಕಡೆಯವರು. ಅವರದು ಬಾಸೆಲ್ ಮಿಷನ್ ಕಾಲದಿಂದ ಬಂದ ಪ್ರೊಟೆಸ್ಟಂಟ್ ಮನೆತನ, ಪ್ರತಿಮೆಗಳನ್ನು ಇಟ್ಟುಕೊಳ್ಳದವರು, ಈಗ ಸಿ.ಎಸ್.ಐ. (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆ. ಅವರ ಮನೆ ಗೋಡೆಯಲ್ಲಿ ಬೈಬಲ್ ವಾಕ್ಯದ ಕ್ಯಾಲೆಂಡರ್ ಬಿಟ್ಟರೆ ಬೇರೇನೂ ಇಲ್ಲ. ನಾವಿರುವುದು ಬೆಂಗಳೂರಿನಲ್ಲಿ. ಅಮ್ಮ ಮತ್ತು ಅತ್ತೆಮ್ಮ ಇಬ್ಬರೂ ವರ್ಷದಲ್ಲಿ ಒಂದಷ್ಟು ತಿಂಗಳು ನಮ್ಮ ಜೊತೆ ಇರುತ್ತಾರೆ.

ಮರುವರ್ಷ ಮಗಳಿಗೆ ಆಡಲೆಂದೇ ಒಂದು ಬಟ್ಟೆಯ ಗೋದಲಿ ಸೆಟ್ ತಂದೆ. ಮೃದುವಾದ ಗೊಂಬೆಗಳು, ಒಡೆಯುವ ಭಯವಿಲ್ಲ. ಮೊದಲ ದಿನವೇ ಇಬ್ಬರು ಅಜ್ಜಿಯರೂ ಬೇಡ ಅಂದರು. ಕಾರಣ ಮಾತ್ರ ಪೂರ್ತಿ ಬೇರೆ ಬೇರೆ. ಅಮ್ಮ ಹೇಳಿದ್ದು: "ಸ್ವರೂಪ ಅಂದ್ಮೇಲೆ ಪೀಠದ ಮೇಲೆ ಇರಬೇಕು. ಹೀಗೆ ನೆಲದ ಮೇಲೆ, ಕಾಲಿಗೆ ಸಿಗೋ ಹಾಗೆ ಬಿಡ್ತಾರೇನಮ್ಮ?" ಅತ್ತೆಮ್ಮ ಹೇಳಿದ್ದು: "ಇವತ್ತ ಗೊಂಬಿ ಅಂತೀರಿ, ನಾಳೆ ಅದಕ್ಕ ಕೈ ಮುಗಿಯಾಕ ಹಚ್ಚತೀರಿ. ಬ್ಯಾಡವಾ." ಒಬ್ಬರಿಗೆ ಅದು ಆಟಿಕೆ ಆಗಿಬಿಡುತ್ತದೆ ಅನ್ನುವ ಭಯ. ಇನ್ನೊಬ್ಬರಿಗೆ ಅದು ಆಟಿಕೆಯಾಗಿ ಉಳಿಯುವುದಿಲ್ಲ ಅನ್ನುವ ಭಯ.

ನನಗೆ ಎರಡೂ ಸರಿಯೆನ್ನಿಸಿತು. ಈಗಲೂ ಹಾಗೇ ಅನ್ನಿಸುತ್ತದೆ.

ಈ ಜಗಳ ತುಂಬಾ ಹಳೆಯದು ಅಂತ ನನಗೆ ಗೊತ್ತಾಗಿದ್ದು ಆಮೇಲೆ. 16ನೇ ಶತಮಾನದ ಇಂಗ್ಲೆಂಡಿನಲ್ಲಿ ಮಠಗಳನ್ನು ಮುಚ್ಚಿಸಿದಾಗ ಅಲ್ಲಿದ್ದ ಮರದ ಸ್ವರೂಪಗಳನ್ನು ಹೊರಗೆ ತಂದರು. ಕೆಲವನ್ನು ಸುಟ್ಟರು. ಕೆಲವನ್ನು ಮಕ್ಕಳಿಗೆ ಆಡಲು ಕೊಟ್ಟರು. ರೋಜರ್ ಎಜ್‌ವರ್ತ್ ಅನ್ನುವ ಉಪದೇಶಕರು ತಮ್ಮ ಪ್ರಸಂಗದಲ್ಲಿ ಇದನ್ನು ನೊಂದು ಹೇಳಿದ್ದಾರೆ. ಹುಡುಗಿ ಗೊಂಬೆಯನ್ನು ಕುಣಿಸುತ್ತಾ ಇರುತ್ತಾಳೆ. ಅಪ್ಪನೋ ಅಮ್ಮನೋ ಬಂದು ಕೈಯಲ್ಲಿ ಏನಿದೆ ಅಂತ ಕೇಳುತ್ತಾರೆ. ಹೇಳಿಕೊಟ್ಟ ಹಾಗೆ ಅವಳು "ನನ್ನ ವಿಗ್ರಹ" ಅನ್ನುತ್ತಾಳೆ. ಅಪ್ಪ ನಗುತ್ತಾನೆ. ಓದುವಾಗ ನನಗೆ ಆ ಅಪ್ಪನ ನಗುವಿಗಿಂತ ಮಗುವಿನ ಮೇಲೆ ಹೆಚ್ಚು ಗಮನ ಹೋಯಿತು. ಅವಳು ಆ ಗೊಂಬೆಯನ್ನು ರಾತ್ರಿ ಪಕ್ಕದಲ್ಲಿ ಮಲಗಿಸಿಕೊಂಡಿರಬಹುದು, ಬಟ್ಟೆ ಹೊದಿಸಿರಬಹುದು. ಅವಮಾನ ಮಾಡಲಿ ಅಂತ ದೊಡ್ಡವರು ಕೊಟ್ಟರು. ಮಗು ಅದನ್ನು ಪ್ರೀತಿಸಲಿಲ್ಲ ಅಂತ ಹೇಗೆ ಹೇಳುವುದು?

ಕೊನೆಗೆ ನಮ್ಮನೆಯಲ್ಲಿ ಒಂದು ಏರ್ಪಾಡು ಆಯಿತು. ಗೋಡೆಯ ಪೀಠದ ಮೇಲಿರುವುದು ಪ್ರಾರ್ಥನೆಗೆ. ಅದನ್ನು ಯಾರೂ ಆಟಕ್ಕೆ ಇಳಿಸುವುದಿಲ್ಲ. ನೆಲದ ಮೇಲಿನ ಬುಟ್ಟಿಯಲ್ಲಿರುವುದು ಆಟಕ್ಕೆ. ಅದಕ್ಕೆ ಯಾರೂ ಕೈ ಮುಗಿಸುವುದಿಲ್ಲ, "ದೇವರು ಕಣೋ, ಹಾಗೆಲ್ಲ ಎಸೀಬಾರದು" ಅಂತ ಗದರಿಸುವುದಿಲ್ಲ. ಮೂರು ವರ್ಷದ ಮಗಳು ಇದನ್ನು ಎಷ್ಟು ಬೇಗ ಹಿಡಿದಳೆಂದರೆ, ಮನೆಗೆ ಬಂದ ಪಕ್ಕದ ಮನೆಯ ಹುಡುಗಿಗೆ ತಾನೇ ಹೇಳಿದಳು: "ಮೇಲಿನ ಯೇಸು ನೋಡೋಕೆ. ಕೆಳಗಿನ ಯೇಸು ನಂ ಜೊತೆ ಆಡೋಕೆ."

ಅಮ್ಮನಿಗೆ ನಾನು ಅಸ್ಸಿಸಿಯ ಸಂತ ಫ್ರಾನ್ಸಿಸರ ಕಥೆ ನೆನಪಿಸಿದೆ. 1223ರ ಕ್ರಿಸ್‌ಮಸ್ ರಾತ್ರಿ ಇಟಲಿಯ ಗ್ರೆಚ್ಚೋ ಅನ್ನುವ ಊರಲ್ಲಿ ಅವರು ಗೋದಲಿ ಮಾಡಿಸಿದರು. ಬಾಲ ಯೇಸು ಪಟ್ಟ ಕಷ್ಟವನ್ನು ಕಣ್ಣಾರೆ ನೋಡಬೇಕು ಅನ್ನುವುದು ಅವರ ಆಸೆ. ಅದಕ್ಕೆ ನಿಜವಾದ ಹುಲ್ಲು ಬಂತು, ಜೀವಂತ ಎತ್ತು ಮತ್ತು ಕತ್ತೆ ಬಂದವು. ಊರಿನ ಜನ ಪಂಜು ಹಿಡಿದು ಬಂದರು. ಆ ಹುಲ್ಲಿನ ಬಳಿಯೇ ಬಲಿಪೂಜೆ, ಅಂದರೆ ಚರ್ಚಿನಲ್ಲಿ ರೊಟ್ಟಿ ದ್ರಾಕ್ಷಾರಸ ಅರ್ಪಿಸುವ ಪೂಜೆ, ನಡೆಯಿತು. ಗಾಜಿನ ಹಿಂದಿಟ್ಟು ನೋಡುವ ವಸ್ತು ಅದಾಗಿರಲಿಲ್ಲ. ಸೆಗಣಿ ವಾಸನೆ ಇದ್ದ, ಮೈಗೆ ಹುಲ್ಲು ಚುಚ್ಚುವ ಗೋದಲಿ ಅದು. ಅಮ್ಮ ಸುಮ್ಮನೆ ಕೇಳಿಸಿಕೊಂಡರು. ಮರುದಿನ ಬಟ್ಟೆಯ ಮರಿಯಮ್ಮನಿಗೆ ತಮ್ಮ ಹಳೇ ಸೀರೆ ಅಂಚಿನಿಂದ ಒಂದು ಮುಸುಕು ಹೊಲಿದು ಕೊಟ್ಟರು.

ಆಮೇಲೆ ಶುರುವಾಯಿತು ನನ್ನ ಹುಡುಕಾಟ. ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ, ವಿದೇಶದಿಂದ ಬರುವ ನೆಂಟರ ಸೂಟ್‌ಕೇಸಿನಲ್ಲಿ ಎಷ್ಟೊಂದು ಇವೆ! ಹೊಟ್ಟೆ ಒತ್ತಿದರೆ ಪ್ರಾರ್ಥನೆ ಹೇಳುವ ಕುರಿಮರಿ ಒಂದು ಬಂತು. ಅಮೆರಿಕದ ಉಚ್ಚಾರಣೆಯ ಇಂಗ್ಲಿಷಿನಲ್ಲಿ ಅದು ಪೂರ್ತಿ ಪ್ರಾರ್ಥನೆ ಮುಗಿಸಿ ಆಮೆನ್ ಅನ್ನುತ್ತಿತ್ತು. ಮಗಳು ಒತ್ತುವಳು, ಕೇಳುವಳು, ಮತ್ತೆ ಒತ್ತುವಳು. ಅವಳ ತುಟಿ ಮಾತ್ರ ಅಲ್ಲಾಡುತ್ತಿರಲಿಲ್ಲ. ಅವಳ ಬದಲು ಕುರಿಯೇ ಹೇಳಿ ಮುಗಿಸುತ್ತಿತ್ತಲ್ಲ! ಅದೇ ಮಗು ಅತ್ತೆಮ್ಮನ ತೊಡೆ ಮೇಲೆ ಕೂತು "ಪರಲೋಕದಲ್ಲಿರುವ ನಮ್ಮ ತಂದೆಯೇ" ಅನ್ನುವುದನ್ನು ಒಂದು ತಿಂಗಳಲ್ಲಿ ಕಲಿತಳು. ಅತ್ತೆಮ್ಮ ಅರ್ಧಕ್ಕೆ ನಿಲ್ಲಿಸಿ ಅವಳ ಮುಖ ನೋಡುತ್ತಿದ್ದರು, ಮುಂದಿನ ಮಾತು ಅವಳ ಬಾಯಿಂದ ಬರಲಿ ಅಂತ. ಕಾಯುವುದು ಆ ಕುರಿಗೆ ಬರುತ್ತಿರಲಿಲ್ಲ.

ಬೈಬಲಿನಲ್ಲಿ ಸಂತ ಪೌಲರು ಎಫೆಸದವರಿಗೆ ಬರೆದ ಪತ್ರದ ಆರನೇ ಅಧ್ಯಾಯದಲ್ಲಿ ನಂಬಿಕೆಯನ್ನು ಯುದ್ಧದ ಸರ್ವಾಯುಧಕ್ಕೆ ಹೋಲಿಸಿದ್ದಾರೆ, ಅದರ ಸೆಟ್ ಕೂಡ ಬಂತು. ಪ್ಲಾಸ್ಟಿಕ್ ಶಿರಸ್ತ್ರಾಣ, ಗುರಾಣಿ, ಕತ್ತಿ. ಮಗ ಕತ್ತಿ ಒಂದನ್ನೇ ಎತ್ತಿಕೊಂಡು ಅಕ್ಕನಿಗೆ ಹೊಡೆದ. ಪೌಲರ ಅದೇ ಪಟ್ಟಿಯಲ್ಲಿ ಸಮಾಧಾನದ ಸುವಾರ್ತೆಗೆ ಸಿದ್ಧವಾದ ಕೆರ ಇದೆ. ಯಾವ ಮಗುವೂ ಅದನ್ನು ಹಾಕಿಕೊಂಡು ಆಡಿದ್ದು ನಾನು ನೋಡಿಲ್ಲ. ಆ ಸೆಟ್ಟನ್ನು ಅಟ್ಟಕ್ಕೆ ಹಾಕಿದೆ.

2015ರಲ್ಲಿ ಜರ್ಮನಿಯ ಪ್ಲೇಮೊಬಿಲ್ ಕಂಪನಿ ಪ್ರೊಟೆಸ್ಟಂಟ್ ಸುಧಾರಣೆ ಶುರು ಮಾಡಿದ ಮಾರ್ಟಿನ್ ಲೂಥರನ ಪುಟ್ಟ ಗೊಂಬೆ ಮಾಡಿತು. ಒಂದು ಕೈಯಲ್ಲಿ ಬರೆಯುವ ಗರಿ, ಇನ್ನೊಂದು ಕೈಯಲ್ಲಿ ಬೈಬಲ್. ಮೊದಲ 34,000 ಗೊಂಬೆಗಳು ಮೂರೇ ದಿನದಲ್ಲಿ ಖಾಲಿ. ನಮ್ಮವರ ಆಫೀಸ್ ಮೇಜಿನ ಮೇಲೂ ಒಂದಿದೆ. ಅದನ್ನು ಮಕ್ಕಳಿಗೆ ಮುಟ್ಟಲು ಬಿಡುವುದಿಲ್ಲ. ಧಾರ್ಮಿಕ ಆಟಿಕೆಗಳಲ್ಲಿ ಎಷ್ಟೋ ದೊಡ್ಡವರ ಸಂತೋಷಕ್ಕೆ ಕೊಂಡವು. ಅದರಲ್ಲಿ ತಪ್ಪಿಲ್ಲ. ಆದರೆ ಮಗುವಿಗೆ ಅಂತ ಹೇಳಿ ಕೊಳ್ಳುವಾಗ ಯಾರಿಗೆ ಕೊಳ್ಳುತ್ತಿದ್ದೇನೆ ಅಂತ ನಾನು ಈಗ ಒಮ್ಮೆ ನಿಂತು ಕೇಳಿಕೊಳ್ಳುತ್ತೇನೆ.

ನೋಹನ ನಾವೆಯ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಜಲಪ್ರಳಯ ಬಂದಾಗ ನೋಹ ತನ್ನ ಮನೆಯವರನ್ನೂ ಪ್ರಾಣಿಗಳ ಜೋಡಿಗಳನ್ನೂ ಹತ್ತಿಸಿಕೊಂಡು ಉಳಿಸಿದ ಹಡಗು ಅದು. ಎಲ್ಲರೂ ಮೊದಲು ಕೊಡುವ ಉಡುಗೊರೆ ಅದೇ ಅಲ್ವಾ? 19ನೇ ಶತಮಾನದ ಇಂಗ್ಲೆಂಡಿನ ಕಟ್ಟುನಿಟ್ಟಿನ ಮನೆಗಳಲ್ಲಿ ಭಾನುವಾರ ಆಟಿಕೆಗಳನ್ನೆಲ್ಲ ಬೀರುವಿಗೆ ಹಾಕುತ್ತಿದ್ದರು. ನಾವೆಗೆ ಮಾತ್ರ ಅನುಮತಿ, ಅದು ಸತ್ಯವೇದದಿಂದ (ಬೈಬಲಿನಿಂದ) ಬಂದದ್ದು ಅಂತ. ಅಂಥ ನಾವೆಗಳಲ್ಲಿ ಬಹಳಷ್ಟು ಬರುತ್ತಿದ್ದುದು ಜರ್ಮನಿಯ ಎರ್ಟ್ಸ್‌ಗೆಬಿರ್ಗೆ ಬೆಟ್ಟಗಳಿಂದ. ಗಣಿ ಕೆಲಸ ಕಡಿಮೆಯಾದ ಮೇಲೆ ಅಲ್ಲಿನ ಜನ ಮರದ ಆಟಿಕೆಗೆ ಇಳಿದರು. ಸೈಫೆನ್ ಅನ್ನುವ ಊರಿನವರು ಒಂದು ವಿಶೇಷ ಉಪಾಯ ಕಂಡುಕೊಂಡರು. ಹಸಿ ಮರದ ಬಿಲ್ಲೆಯನ್ನು ತಿರುಗಣಿಗೆ ಹಾಕಿ ಬಳೆಯಂತೆ ಕಡೆಯುತ್ತಾರೆ. ಹೊರಗಿನಿಂದ ನೋಡಿದರೆ ಬರೀ ಉಬ್ಬುತಗ್ಗಿನ ಬಳೆ. ಅದನ್ನು ಹೋಳಿನಂತೆ ಸೀಳಿದರೆ ಪ್ರತಿ ಹೋಳೂ ಒಂದು ಆನೆ, ಅಥವಾ ಕುದುರೆ, ಅಥವಾ ಹಸು! ಕಡೆಯುವಾಗ ಆ ಪ್ರಾಣಿ ಯಾರ ಕಣ್ಣಿಗೂ ಕಾಣುವುದಿಲ್ಲ. ಕುಶಲಿಯ ಕೈಗೆ ಮಾತ್ರ ಗೊತ್ತು.

ನಾವೂ ಒಂದು ನಾವೆ ಕೊಂಡೆವು. ಮಕ್ಕಳಿಗೆ ಖುಷಿಯೋ ಖುಷಿ. ಜೋಡಿ ಜೋಡಿ ಹತ್ತಿಸುವುದು, ಇಳಿಸುವುದು, ಬಕೆಟ್ ನೀರಿನಲ್ಲಿ ತೇಲಿಸುವುದು. ಆದರೆ ಐದು ವರ್ಷವಾದಾಗ ಮಗಳು ಕೇಳಿದಳು: "ಹತ್ತದೇ ಇದ್ದೋರು ಏನಾದ್ರು ಅಮ್ಮಾ?" ಆಟಿಕೆಯ ಡಬ್ಬಿಯಲ್ಲಿ ಅವರ ಗೊಂಬೆ ಇರುವುದಿಲ್ಲ. ಕಾಮನಬಿಲ್ಲು ಇರುತ್ತದೆ, ನಗುವ ಜಿರಾಫೆ ಇರುತ್ತದೆ. ಕಥೆಯ ದೊಡ್ಡ ದುಃಖವನ್ನು ಡಬ್ಬಿಯಿಂದ ತೆಗೆದು ಹಾಕಿರುತ್ತಾರೆ. ನಾನು ಸುಳ್ಳು ಹೇಳಲಿಲ್ಲ. "ಮುಳುಗಿಹೋದರು ಕಂದ" ಅಂದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಅಡುಗೆ ಆಟದ ಗೊಂಬೆಗಳನ್ನೆಲ್ಲ ತಂದು ನಾವೆಗೆ ತುಂಬಿದಳು. ಜಾಗ ಸಾಲದೆ ಆನೆಗಳನ್ನು ಛಾವಣಿಗೆ ಹತ್ತಿಸಿದಳು. ಇದು ಬೈಬಲಿನ ಆದಿಕಾಂಡದಲ್ಲಿಲ್ಲ ಅಂತ ತಿದ್ದಲು ನನಗೆ ಮನಸ್ಸು ಬರಲಿಲ್ಲ. ಅವಳು ಅವತ್ತು ದೇವರ ಜೊತೆ ವಾದ ಮಾಡುತ್ತಿದ್ದಳು. ದೇವರು ನಾಶಮಾಡಲು ಹೊರಟಿದ್ದ ಸೊದೋಮ್ ಊರಿನ ಜನಕ್ಕಾಗಿ ಅಬ್ರಹಾಮನೂ ವಾದ ಮಾಡಿದ್ದ. ಐವತ್ತು ಜನ ಒಳ್ಳೆಯವರಿದ್ದರೆ ಅಂತ ಶುರು ಮಾಡಿ ಹತ್ತು ಜನರ ತನಕ ಇಳಿದಿದ್ದ.

ಇನ್ನೊಂದು ವಿಷಯ ನನಗೆ ಈ ನಾವೆಯಿಂದ ಗೊತ್ತಾಯಿತು. ಪಾರಿವಾಳ ಎಲ್ಲಾ ಸೆಟ್‌ನಲ್ಲೂ ಇರುತ್ತದೆ. ಆದರೆ ನೋಹ ಮೊದಲು ಹೊರಗೆ ಬಿಟ್ಟಿದ್ದು ಕಾಗೆಯನ್ನು. ನಮ್ಮ ಸೆಟ್‌ನಲ್ಲಿ ಕಾಗೆ ಇರಲಿಲ್ಲ. ನಮ್ಮನೆ ಕಿಟಕಿಯ ಕಾಗೆಯೇ ಆ ಪಾತ್ರಕ್ಕೆ ಬಂತು. ದಿನಾ ಬೆಳಿಗ್ಗೆ ಅದು ಹಾರಿಹೋದಾಗ ಮಗ "ನೀರು ಇಳಿದಿದ್ಯಾ ನೋಡೋಕೆ ಹೋಯ್ತು" ಅನ್ನುತ್ತಾನೆ.

ಆಟದಿಂದ ಕಲಿಯಬೇಕು ಅನ್ನುವ ಮಾತು ಹೊಸದೇನಲ್ಲ. ಸತ್ಯವೇದವನ್ನು ಲ್ಯಾಟಿನ್‌ಗೆ ತಂದ ಸಂತ ಜೆರೋಮರು ಬೆತ್ಲೆಹೇಮಿನಲ್ಲಿ ಕೂತು, ಸುಮಾರು 403ರಲ್ಲಿ, ರೋಮಿನ ಲೇಟಾ ಅನ್ನುವ ತಾಯಿಗೆ ಒಂದು ಪತ್ರ ಬರೆದರು. ಆಕೆಯ ಪುಟ್ಟ ಮಗಳು ಪೌಲಾಳನ್ನು ಹೇಗೆ ಬೆಳೆಸಬೇಕು ಅನ್ನುವ ಪತ್ರ. ಮರದಿಂದಲೋ ದಂತದಿಂದಲೋ ಅಕ್ಷರಗಳನ್ನು ಮಾಡಿಸಿ ಕೊಡು, ಅವುಗಳ ಜೊತೆ ಅವಳು ಆಡಲಿ, ಆಟವೇ ಪಾಠವಾಗಲಿ ಅಂತ ಅದರಲ್ಲಿದೆ. ಅಷ್ಟು ಗಂಭೀರ ಮನುಷ್ಯ, ಗುಹೆಯಲ್ಲಿ ಕೂತು ಭಾಷಾಂತರ ಮಾಡುತ್ತಿದ್ದವರು, ಒಂದು ಮಗುವಿನ ಆಟಿಕೆ ಯಾವುದರಿಂದ ಮಾಡಬೇಕು ಅಂತ ಯೋಚಿಸಿದ್ದರಲ್ಲ ಅಂತ ನನಗೆ ಧೈರ್ಯ ಬರುತ್ತದೆ.

ಮಗಳು ಒಮ್ಮೆ ಮಾರಿ ಬಿಸ್ಕತ್ತು ಹಿಡಿದುಕೊಂಡು, ಚರ್ಚಿನಲ್ಲಿ ಗುರುಗಳು ರೊಟ್ಟಿ ಹಂಚುವ ಹಾಗೆ, ಪೂಜೆ ಆಟ ಆಡಿದಳು. ನನ್ನ ದುಪಟ್ಟಾ ಹೆಗಲಿಗೆ, ಸ್ಟೀಲ್ ಲೋಟ ಕೈಯಲ್ಲಿ. ತಮ್ಮನ ನಾಲಿಗೆ ಮೇಲೆ ಬಿಸ್ಕತ್ತಿನ ಚೂರು ಇಟ್ಟು "ಕ್ರಿಸ್ತರ ಶರೀರ" ಅಂದಳು. ಅತ್ತೆಮ್ಮ ಗಾಬರಿಯಾದರು. ನಾನೂ ಬಾಲ್ಯದಲ್ಲಿ ಇದೇ ಆಟ ಆಡಿ ಬೈಸಿಕೊಂಡವಳು. ಆದರೆ ಈಗ ನನಗೆ ಪ್ರಾಚೀನ ಕ್ರೈಸ್ತ ಸಭೆಯ ಇತಿಹಾಸ ಬರೆದ ರುಫಿನಸ್ ಹೇಳಿದ ಹಳೆಯ ಕಥೆ ಗೊತ್ತು. ಅಲೆಕ್ಸಾಂಡ್ರಿಯಾದ ಸಮುದ್ರ ತೀರದಲ್ಲಿ ಹುಡುಗರು ದೀಕ್ಷಾಸ್ನಾನದ, ಅಂದರೆ ನೀರಿನಿಂದ ಕ್ರೈಸ್ತ ಸಭೆಗೆ ಸೇರಿಸಿಕೊಳ್ಳುವ ವಿಧಿಯ, ಆಟ ಆಡುತ್ತಿದ್ದರಂತೆ. ದೂರದಿಂದ ನೋಡಿದ ಬಿಷಪ್ ಅಲೆಕ್ಸಾಂಡರ್ ಅವರನ್ನು ಕರೆಸಿ ಒಬ್ಬೊಬ್ಬರನ್ನೇ ವಿಚಾರಿಸಿದರು. ಏನು ಕೇಳಿದಿರಿ, ಏನು ಉತ್ತರ ಕೊಟ್ಟಿರಿ ಅಂತ. ಎಲ್ಲವೂ ಸರಿಯಾಗಿತ್ತು. ಹಾಗಾಗಿ ಆ ಆಟದ ದೀಕ್ಷಾಸ್ನಾನವನ್ನೇ ಅವರು ಒಪ್ಪಿಕೊಂಡರು. ಬಿಷಪ್ ಪಾತ್ರ ಮಾಡಿದ್ದ ಹುಡುಗ ಮುಂದೆ ಅದೇ ಊರಿನ ಬಿಷಪ್ ಸಂತ ಅಥನಾಸಿಯಸ್ ಆದ. ಇತಿಹಾಸಕಾರರು ವರ್ಷಗಳ ಲೆಕ್ಕ ಹಾಕಿ ಈ ಕಥೆಯನ್ನು ಅನುಮಾನಿಸುತ್ತಾರೆ. ಆದರೂ ಕ್ರೈಸ್ತ ಸಭೆ ಇಂಥದ್ದೊಂದು ಕಥೆಯನ್ನು ಇಟ್ಟುಕೊಂಡು ಬಂದಿದೆ, ಮಕ್ಕಳ ಆಟದ ಮುಂದೆ ಬಿಷಪ್ ಕೂತು ಕೇಳಿದ ಕಥೆಯನ್ನು. ನನಗೆ ಅದು ಸಾಕು.

ಮೂರನೇ ವರ್ಷ ಚನ್ನಪಟ್ಟಣಕ್ಕೆ ಹೋದೆವು. ಕಾರಣ ಎರಡು. ಒಂದು ಬಾಯಿಗೆ ಹೋದ ಆ ಬಣ್ಣ. ಇನ್ನೊಂದು ಮಗಳ ಪ್ರಶ್ನೆ. ನಮ್ಮನೆಗೆ ಬಂದ ಎಲ್ಲಾ ಸೆಟ್‌ಗಳಲ್ಲೂ ಬಿಳಿ ಮೈ, ಹೊಂಬಣ್ಣದ ಕೂದಲು, ನೀಲಿ ಕಣ್ಣು. "ಯೇಸು ಫಾರಿನ್ನೋರಾ?" ಅಂತ ಅವಳು ಕೇಳಿದ್ದಳು. ಗಲಿಲಾಯದ ಬಿಸಿಲಲ್ಲಿ ನಡೆದಾಡಿದ ಯೆಹೂದಿ ಬಡಗಿಯ ಮಗ ನೋಡಲು ಹೇಗಿದ್ದಿರಬಹುದು ಅಂತ ಬಾಯಲ್ಲಿ ಹೇಳಿದೆ. ಆದರೆ ಕೈಯಲ್ಲಿರುವ ಗೊಂಬೆ ಬೇರೆಯದನ್ನೇ ಹೇಳುತ್ತಿದ್ದರೆ ಮಗು ನಂಬುವುದು ಗೊಂಬೆಯನ್ನೇ.

ಅಲ್ಲಿನ ಒಬ್ಬ ಹಿರಿಯ ಕುಶಲಕರ್ಮಿಯ ಮನೆಯ ಮುಂದಿನ ಕೋಣೆಯೇ ಕಾರ್ಖಾನೆ. ಹಾಲೆ ಮರದ ತುಂಡು ತಿರುಗಣಿಯಲ್ಲಿ ಗಿರಗಿರ ತಿರುಗುತ್ತಿತ್ತು. ಉಳಿ ತಾಗಿದ ಕಡೆ ಬಿಳಿ ಸುರುಳಿ ಹಾರುತ್ತಿತ್ತು. ಆಕಾರ ಬಂದ ಮೇಲೆ ಅರಗಿನ ಬಣ್ಣದ ಕಡ್ಡಿಯನ್ನು ತಿರುಗುವ ಮರಕ್ಕೆ ಒತ್ತಿ ಹಿಡಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಮರಕ್ಕೆ ಅಂಟಿಕೊಂಡಿತು. ಮೇಲೆ ತಾಳೆಗರಿಯಿಂದ ಒತ್ತಿದಾಗ ಹೊಳಪು ಬಂತು. ಹಳದಿಗೆ ಅರಿಶಿನ ಅಂತ ತೋರಿಸಿದರು. ಸೈಫೆನ್ನಿನ ತಿರುಗಣಿ ನೆನಪಾಯಿತು ನನಗೆ. ಎಲ್ಲಿಯ ಸೈಫೆನ್, ಎಲ್ಲಿಯ ಚನ್ನಪಟ್ಟಣ!

ಗೋದಲಿ ಸೆಟ್ ಬೇಕು ಅಂದೆ. ಯಾರ್‍ಯಾರು ಇರಬೇಕು ಅಂತ ಒಂದೊಂದೇ ಹೇಳಿದೆ. ಮರಿಯಮ್ಮ ಅಂದ ತಕ್ಷಣ ಅವರ ಮುಖ ಅರಳಿತು. "ಮರಿಯಮ್ ಅಂದ್ರೆ ನಮಗೂ ಗೊತ್ತು ಮೇಡಂ. ನಮ್ಮ ಕುರಾನ್‌ನಲ್ಲಿ ಅವರ ಹೆಸರಲ್ಲೇ ಒಂದು ಅಧ್ಯಾಯ ಇದೆ." ಸ್ವಲ್ಪ ಹೊತ್ತು ಬಿಟ್ಟು ಕೇಳಿದರು: "ಖರ್ಜೂರದ ಮರ ಬೇಡ್ವಾ?" ನನಗೆ ಅರ್ಥವಾಗಲಿಲ್ಲ. ಕುರಾನಿನ 19ನೇ ಅಧ್ಯಾಯದಲ್ಲಿ ಮರಿಯಮ್‌ಗೆ ಹೆರಿಗೆ ನೋವು ಬಂದಾಗ ಖರ್ಜೂರದ ಮರದ ಬುಡಕ್ಕೆ ಬರುತ್ತಾರೆ. ಕಾಂಡ ಅಲ್ಲಾಡಿಸು, ಹಣ್ಣು ಬೀಳುತ್ತದೆ, ತಿನ್ನು, ಕುಡಿ, ಸಮಾಧಾನ ಮಾಡಿಕೋ ಅನ್ನುವ ದನಿ ಕೇಳುತ್ತದೆ. ಅವರು ಇದನ್ನು ತಮ್ಮ ಮನೆಯ ಹೆರಿಗೆಯ ಸುದ್ದಿ ಹೇಳುವಷ್ಟು ಹತ್ತಿರದಿಂದ ಹೇಳಿದರು.

ಬಾಲ ಯೇಸುವಿನ ಅಳತೆ ಬಗ್ಗೆ ಮಾತ್ರ ನಾನು ಹಟ ಹಿಡಿದೆ. ಎಲ್ಲಾ ಸೆಟ್‌ಗಳಲ್ಲೂ ಎಲ್ಲರಿಗಿಂತ ಚಿಕ್ಕ ಗೊಂಬೆ ಅದೇ. ಆಟಿಕೆ ಪರೀಕ್ಷೆ ಮಾಡುವವರ ಹತ್ತಿರ 31.7 ಮಿಲಿಮೀಟರ್ ಅಗಲದ ಬಾಯಿರುವ ಒಂದು ಕೊಳವೆ ಇರುತ್ತದೆ. ಅದರೊಳಗೆ ಪೂರ್ತಿ ಇಳಿಯುವ ಯಾವ ಚೂರೂ ಮೂರು ವರ್ಷದೊಳಗಿನ ಮಗುವಿನ ಕೈಗೆ ಸಿಗಬಾರದು. ಬಾಲ ಯೇಸುವನ್ನು ಗೋದಲಿಗೆ ಅಂಟಿಸಿಬಿಡಲಾ ಅಂತ ಅವರು ಕೇಳಿದರು. ಆದರೆ 24ರ ರಾತ್ರಿ ತನಕ ಹುಲ್ಲು ಖಾಲಿ ಇರಬೇಕು, ಆ ರಾತ್ರಿ ಮನೆಯ ಚಿಕ್ಕ ಮಗು ಪಾಪುವನ್ನು ತಂದು ಮಲಗಿಸಬೇಕು, ಅದು ನಮ್ಮಮ್ಮನ ಮನೆಯ ಪದ್ಧತಿ. ಕೊನೆಗೆ ಸಣ್ಣ ಸೌತೆಕಾಯಿಯಷ್ಟು ದಪ್ಪದ ಪಾಪು ಆಯಿತು. ಮರಿಯಮ್ಮನ ಅರ್ಧದಷ್ಟು ಇದೆ. ನೋಡಿದವರೆಲ್ಲ ದೊಡ್ಡದಾಯಿತು ಅನ್ನುತ್ತಾರೆ. ಆಗಲಿ.

ಇಲ್ಲಿ ಒಂದು ಮಾತು. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ನೋಂದಾಯಿತ ಕುಶಲಕರ್ಮಿಗಳ ವಸ್ತುಗಳಿಗೆ, ಚನ್ನಪಟ್ಟಣದಂಥ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದವಕ್ಕೆ ವಿನಾಯಿತಿ ಇದೆ. ಹಾಗಾಗಿ ಕೈಕೆಲಸದ್ದನ್ನು ಕೊಳ್ಳುವಾಗ ಯಾವ ಬಣ್ಣ ಹಾಕಿದ್ದೀರಿ ಅಂತ ನಾವೇ ಬಾಯಿಬಿಟ್ಟು ಕೇಳಬೇಕು. ಗೋದಲಿಗೆ ಅಂತ ಮಾರುವ ಪ್ಲಾಸ್ಟರ್ ಗೊಂಬೆಗಳಂತೂ ಆಟಿಕೆಗಳೇ ಅಲ್ಲ. ಪುಟ್ಟ ಮಕ್ಕಳಿರುವ ಮನೆಯಲ್ಲಿ ಅವು ಎತ್ತರದಲ್ಲಿರಲಿ.

ಮುಖಕ್ಕೆ ಕಂದು ಅರಗು ಹಾಕಿದರು. ಕಣ್ಣು ಬಾಯಿ ಬರೆಯಬೇಡಿ ಅಂದೆ. ಮುಖ ಖಾಲಿ ಇದ್ದರೆ ಅದು ನಗಲೂಬಹುದು, ಅಳಲೂಬಹುದು, ಮಗುವಿಗೆ ಬೇಕಾದ ಹಾಗೆ. ಮನೆಗೆ ಬಂದು ಒಂದು ವಾರದಲ್ಲಿ ಮರಿಯಮ್ಮನ ಗಂಡ ಜೋಸೆಫರಿಗೆ ಸ್ಕೆಚ್ ಪೆನ್ನಿನಿಂದ ಕನ್ನಡಕ ಬಂದಿತ್ತು, ತಾತನದ್ದೇ ಥರ. ಖರ್ಜೂರದ ಮರಕ್ಕೆ ಅವರು ದುಡ್ಡು ತೆಗೆದುಕೊಂಡಿರಲಿಲ್ಲ. ಅತ್ತೆಮ್ಮ ಅದನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಯೇಸುವಿನ ಹುಟ್ಟಿನ ಕಥೆ ಹೇಳುವ ಲೂಕನ ಸುವಾರ್ತೆಯಲ್ಲೂ ಆ ಮರ ಇಲ್ಲ, ಮತ್ತಾಯನದರಲ್ಲೂ ಇಲ್ಲ. "ಇರಲಿ ಬಿಡವಾ, ನೆರಳಿಗೆ ಆತು. ಹಡದಾಕಿಗೆ ನೆರಳ ಬೇಕಲ್ಲ" ಅಂದರು.

ಆ ಸೆಟ್‌ನಲ್ಲಿ ಒಬ್ಬ ಕುರುಬ ಮತ್ತು ಹತ್ತು ಕುರಿ ಇದ್ದವು. ಎಲ್ಲಾ ಬಿಳಿ. ನಮ್ಮನೆಯಲ್ಲಿ ಅತಿ ಹೆಚ್ಚು ಆಡಿದ ಆಟಿಕೆ ಯಾವುದು ಅಂದರೆ ಇವೇ. ಅತ್ತೆಮ್ಮ ನೆಲಕ್ಕೆ ಇಳಿದಿದ್ದೂ ಇವುಗಳಿಂದಲೇ.

ಅವರ ಊರಿನಲ್ಲಿ ಸುಗ್ಗಿ ಮುಗಿದ ಮೇಲೆ ಕುರುಬರು ಮಂದೆ ಹೊಡೆದುಕೊಂಡು ಬರುತ್ತಾರೆ. ಹೊಲದಲ್ಲಿ ರಾತ್ರಿ ಕುರಿ ಕೂಡಿಸಿದರೆ ಗೊಬ್ಬರವಾಗುತ್ತದೆ. ಅದಕ್ಕೆ ರೈತರು ಕಾಳನ್ನೋ ಹಣವನ್ನೋ ಕೊಡುತ್ತಾರೆ. ಒಂದು ರಜೆಯಲ್ಲಿ ಮಗಳು ಇದನ್ನು ನೋಡಿ ಬಂದಳು. ಬಂದವಳೇ ಬುಟ್ಟಿ ಸುರಿದು ಹೇಳಿದಳು: "ಇವು ಕುರಿ ಅಲ್ಲ. ಕುರಿ ಕಪ್ಪಗಿರುತ್ತೆ." ಹೌದು, ದಖನಿ ಕುರಿ ಕಪ್ಪು. ಅದರ ಉಣ್ಣೆಯಿಂದಲೇ ಕರಿ ಕಂಬಳಿ. ಚನ್ನಪಟ್ಟಣಕ್ಕೆ ಫೋನ್ ಮಾಡಿ ಹತ್ತು ಕರಿ ಕುರಿ ಹೇಳಿದೆ.

ಅವು ಬಂದ ದಿನ ಅತ್ತೆಮ್ಮ ಮಂಡಿ ನೋವಿದ್ದರೂ ಚಾಪೆ ಮೇಲೆ ಕೂತರು. ಬಟ್ಟೆ ಒಣಗಿಸುವ ಕ್ಲಿಪ್‌ಗಳಿಂದ ದೊಡ್ಡಿ ಕಟ್ಟಿದರು. ಒಂದು ಕಡೆ ಬಾಯಿ ಬಿಟ್ಟರು. "ಬಾಗಲಾ ಎಲ್ಲಿ ಅಜ್ಜಿ?" ಅಂತ ಮಗಳು ಕೇಳಿದಾಗ ಕುರುಬನನ್ನು ಎತ್ತಿ ಆ ಬಾಯಿಗೆ ಅಡ್ಡ ಮಲಗಿಸಿದರು. "ಇವನ ಬಾಗಲಾ. ತ್ವಾಳ ಬಂದ್ರ ಮದಲ ಇವನ್ನ ದಾಟಬೇಕು." ಯೋಹಾನನ ಸುವಾರ್ತೆಯ 10ನೇ ಅಧ್ಯಾಯದಲ್ಲಿ ಯೇಸುಸ್ವಾಮಿ "ನಾನೇ ಬಾಗಿಲು" ಅನ್ನುವ ಮಾತನ್ನು ನಾನು ನೂರು ಸಲ ಪೂಜೆಯಲ್ಲಿ ಕೇಳಿದ್ದೇನೆ. ಬಾಗಿಲು ಅಂದರೆ ಮಲಗಿರುವ ಮನುಷ್ಯ ಅಂತ ನನಗೆ ಹೊಳೆದಿದ್ದು ಅವತ್ತೇ.

ರೋಮ್‌ನಲ್ಲಿ 1954ರಲ್ಲಿ ಸೋಫಿಯಾ ಕವಲೆತ್ತಿ ಮತ್ತು ಜಿಯಾನ್ನಾ ಗೊಬ್ಬಿ ಅನ್ನುವ ಇಬ್ಬರು ಮಾಂಟೆಸ್ಸರಿ ಪದ್ಧತಿ ಹಿಡಿದು ಮಕ್ಕಳ ಧರ್ಮೋಪದೇಶ ಶುರು ಮಾಡಿದರು. ಅವರ ಕೋಣೆಯಲ್ಲಿ ಮುಖ್ಯವಾದದ್ದು ಮರದ ಕುರುಬ, ಕುರಿ ಮತ್ತು ದೊಡ್ಡಿ. ಅವರಿಟ್ಟುಕೊಂಡ ನಿಯಮ ನನಗೆ ತುಂಬಾ ಇಷ್ಟ. ಈ ಕುರಿಗಳು ಯಾರು ಅಂತ ಮಗುವಿಗೆ ಹೇಳಬಾರದು. ಕಥೆ ಹೇಳಿ, ಗೊಂಬೆ ಕೊಟ್ಟು, ಸುಮ್ಮನಿರಬೇಕು. ಉತ್ತರ ಮಗುವಿಗೆ ತಾನಾಗಿ ಹೊಳೆಯಬೇಕು. ಎಷ್ಟು ಕಷ್ಟ ಗೊತ್ತಾ ಸುಮ್ಮನಿರುವುದು! ನನ್ನ ನಾಲಿಗೆ ತುದಿಗೆ ಎಷ್ಟೋ ಸಲ ಬಂದಿತ್ತು. ಅತ್ತೆಮ್ಮನಿಗೆ ಈ ಇಬ್ಬರ ಹೆಸರೂ ಗೊತ್ತಿಲ್ಲ, ಆದರೆ ಅವರೂ ಹೇಳಲಿಲ್ಲ. ತಿಂಗಳುಗಳು ಹೋದವು. ಒಂದು ರಾತ್ರಿ ಕರೆಂಟ್ ಹೋಗಿತ್ತು. ಮಗಳು ಕತ್ತಲಲ್ಲಿ ಕೇಳಿದಳು: "ಅಮ್ಮಾ, ಕುರುಬ ನಮ್ಮನೆ ಬಾಗ್ಲಲ್ಲೂ ಮಲಗಿರ್ತಾನಲ್ವಾ?"

ಶಿಲುಬೆಯ ಆಟಿಕೆ ಕೊಡಬೇಕಾ ಬೇಡವಾ ಅನ್ನುವುದು ನನಗೆ ಇನ್ನೂ ಬಗೆಹರಿದಿಲ್ಲ. ಮೊಳೆ, ರಕ್ತ, ಇವನ್ನು ಕೈಗೆ ಕೊಟ್ಟು ಆಡು ಅನ್ನಲು ನನಗಾಗುವುದಿಲ್ಲ. ಹಾಗಂತ ಬರೀ ಗೋದಲಿ ಕೊಟ್ಟು ನಿಲ್ಲಿಸಿದರೆ ಯೇಸುಸ್ವಾಮಿ ಎಂದೂ ಬೆಳೆಯುವುದಿಲ್ಲ. ಅದಕ್ಕೆ ಚನ್ನಪಟ್ಟಣದವರಿಂದ ದೊಡ್ಡವರಾದ ಯೇಸುವಿನ ಗೊಂಬೆಯನ್ನೂ ಮಾಡಿಸಿದ್ದೆ. ಶಿಲುಬೆ ಇಲ್ಲ, ಬರೀ ನಿಂತ ಮನುಷ್ಯ.

ಈ ವರ್ಷ ಯೇಸು ಶಿಲುಬೆಯಲ್ಲಿ ಸತ್ತ ದಿನವಾದ ಶುಭ ಶುಕ್ರವಾರ ಸಂಜೆ ಚರ್ಚಿನಿಂದ ಬಂದು ಮಗಳು ಆ ಗೊಂಬೆಯನ್ನು ನನ್ನ ಬಿಳಿ ಕರ್ಚೀಫಿನಲ್ಲಿ ಸುತ್ತಿದಳು. ಖಾಲಿಯಾಗಿದ್ದ ಸಾರಿನ ಪುಡಿ ಡಬ್ಬಿಯೊಳಗೆ ಇಟ್ಟು ಮುಚ್ಚಳ ಹಾಕಿದಳು. ಅಕ್ಕಿ ಡ್ರಮ್ಮಿನ ಹಿಂದೆ ಸರಿಸಿದಳು. ನಾನು ಕೇಳಲಿಲ್ಲ. ಶನಿವಾರ ಇಡೀ ದಿನ ಅವಳೂ ಮುಟ್ಟಲಿಲ್ಲ. ತಮ್ಮ ಹತ್ತಿರ ಹೋದಾಗ "ಶ್" ಅಂದಳು ಅಷ್ಟೇ.

ಭಾನುವಾರ, ಯೇಸು ಸಮಾಧಿಯಿಂದ ಎದ್ದ ಈಸ್ಟರ್ ದಿನ, ಬೆಳಿಗ್ಗೆ ಎದ್ದು ಅಡುಗೆಮನೆಗೆ ಹೋದೆ. ಹಿಂದಿನ ರಾತ್ರಿ ಜಾಗರಣೆಯ ಪೂಜೆ ಮುಗಿಸಿ ತಡವಾಗಿ ಬಂದಿದ್ದೆವು, ಮನೆಯಲ್ಲಿ ಎಲ್ಲರೂ ಮಲಗಿದ್ದಾರೆ ಅಂದುಕೊಂಡಿದ್ದೆ. ಡಬ್ಬಿಯ ಮುಚ್ಚಳ ತೆಗೆದಿತ್ತು. ಕರ್ಚೀಫು ಮಡಿಸಿ ಪಕ್ಕಕ್ಕೆ ಇಟ್ಟಿತ್ತು. ಒಲೆಕಟ್ಟೆಯ ಮೇಲೆ, ಗ್ಯಾಸ್ ಒಲೆಯ ಹತ್ತಿರ, ಯೇಸು ನಿಂತಿದ್ದರು. ಅವರ ಮುಂದೆ ಬಾಟಲಿ ಮುಚ್ಚಳದಲ್ಲಿ ಎರಡು ಕರಿಬೇವಿನ ಎಲೆ. ಸುತ್ತಲೂ ಕರಿ ಕುರಿಗಳು, ಬಿಳಿ ಕುರಿಗಳು, ಕನ್ನಡಕದ ಜೋಸೆಫರು, ಮಗನ ಆಟೋ.

ಬಾಗಿಲ ಹಿಂದೆ ಮಗಳು ನಿಂತಿದ್ದಳು.

"ಇದೇನೇ ಕಂದ, ಎಲೆ?"

"ಎಲೆ ಅಲ್ಲ, ಮೀನು. ಕೆರೆ ಹತ್ರ ಬೆಂಕಿ ಹಾಕಿ ಮೀನು ಸುಟ್ರಲ್ಲ, ಆ ಕಥೆ. ಎಲ್ರಿಗೂ ತಿಂಡಿ ಮಾಡ್ತಿದ್ದಾರೆ. ನೀನು ಸ್ವಲ್ಪ ಆ ಕಡೆ ಒಲೆ ಹಚ್ಕೋ ಅಮ್ಮಾ."

ನಾನು ಆ ಕಡೆಯ ಒಲೆ ಹಚ್ಚಿ ಕಾಫಿಗೆ ನೀರಿಟ್ಟೆ.